ಕಣಜಕ್ಕೆ ಸುರಿದ ಕಾಳು: ರಾಘವೇಂದ್ರ ಗದಗ್ಕರ್ ಅವರ ಉಲ್ಲೇಖಗಳ ಲೆಕ್ಕದಲ್ಲಿ ಒಂದು ತೊಡಕು

ವಿಜ್ಞಾನಿಯ ಸಾಧನೆಯನ್ನು ಅಳೆಯಲು ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಎಚ್-ಸೂಚ್ಯಂಕವನ್ನು ಮುಂದಿಟ್ಟರು. ಒಬ್ಬರ 20 ಪ್ರಬಂಧಗಳು ತಲಾ 20 ಬಾರಿಯಾದರೂ ಉಲ್ಲೇಖಗೊಂಡಿದ್ದು, 21ರ ಮೆಟ್ಟಿಲು ದಕ್ಕದಿದ್ದರೆ ಅವರ ಸೂಚ್ಯಂಕ 20. ಒಂದೇ ಅಂಕಿ ಸ್ಥೂಲ ಚಿತ್ರವನ್ನಷ್ಟೇ ಕೊಟ್ಟೀತು, ಕ್ಷೇತ್ರಗಳ ನಡುವೆ ಅಂಕಿಗಳು ಬಹಳ ವ್ಯತ್ಯಾಸವಾಗುತ್ತವೆ ಎಂದು ಹಿರ್ಶ್ ಅವರೇ ಎಚ್ಚರಿಸಿದ್ದಾರೆ, ಅದರಲ್ಲಿ ವಿವಾದವಿಲ್ಲ. ನನ್ನ ತಕರಾರು ಇರುವುದು ಒಂದೇ ಕ್ಷೇತ್ರದ, ಒಬ್ಬರದೇ ಬರವಣಿಗೆಯ ಒಳಗೆ. ಬಿಡಿ ಪ್ರಬಂಧಗಳನ್ನು ಕೂಡಿಸಿ ಗ್ರಂಥ ಕಟ್ಟುವವರಿಗೆ ಈ ಸೂಚ್ಯಂಕ ಸದ್ದಿಲ್ಲದೆ ದಂಡ ಹಾಕುತ್ತದೆ.

ಇದಕ್ಕೆ ನಾನು ತೆಗೆದುಕೊಳ್ಳುವ ಉದಾಹರಣೆ ಕಡಜತಜ್ಞ ರಾಘವೇಂದ್ರ ಗದಗ್ಕರ್. ಅವರ ವೃತ್ತಿಜೀವನ ಪರಿಚಿತವೇ. 1953ರಲ್ಲಿ ಜನನ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ, 1979ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಅಣುಜೀವವಿಜ್ಞಾನದಲ್ಲಿ ಡಾಕ್ಟರೇಟ್. ಹವ್ಯಾಸವಾಗಿ ಹಿಡಿದ ಕಡಜಗಳೇ ಕಡೆಗೆ ವೃತ್ತಿಯಾದವು. 1993ರಲ್ಲಿ ಭಟ್ನಾಗರ್ ಪ್ರಶಸ್ತಿ, 2006ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವಿದೇಶಿ ಸದಸ್ಯತ್ವ. ಲೇಖಕರಿಂದ ಹಣ ಪಡೆದು ಓದುಗರಿಗೆ ಉಚಿತವಾಗಿ ಕೊಡುವ ಪ್ರಕಟಣಾ ಪದ್ಧತಿ ಅಭಿವೃದ್ಧಿಶೀಲ ದೇಶಗಳಿಗೆ ಹಾನಿಕರವೆಂದು 2008ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಾದಿಸಿದವರೂ ಅವರೇ.

ಅವರ ಪ್ರಭಾವ ಎಲ್ಲಿದೆ ಎಂಬುದನ್ನು ಮೊದಲು ಗುರುತಿಸಬೇಕು. ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ರಕ್ತಸಂಬಂಧದಿಂದ ಗುಣಿಸಿದ ಲಾಭ ನಷ್ಟವನ್ನು ಮೀರಿದರೆ ಪರೋಪಕಾರ ವಿಕಾಸಗೊಳ್ಳಬಲ್ಲದು. ಕಡಜಗಳ ಒಡಹುಟ್ಟಿದ ಹೆಣ್ಣುಗಳ ನಡುವೆ ಸಂಬಂಧದ ಪ್ರಮಾಣ 0.75ರವರೆಗೆ ಏರಬಲ್ಲದಾದ್ದರಿಂದ ಬಹುಕಾಲ ಎಲ್ಲರ ಕಣ್ಣೂ ಆ ಅಂಕಿಯ ಮೇಲೇ ಇತ್ತು. ಆದರೆ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ನಮ್ಮ ಕಡಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ, ರಾಣಿಯರು ಬದಲಾಗುತ್ತಲೂ ಇರುತ್ತಾರೆ. ಹೀಗಾಗಿ ಗೂಡಿನೊಳಗಿನ ಸಂಬಂಧ ತೆಳುವಾಗುತ್ತದೆ. ಆದರೂ ದುಡಿಯುವ ಹೆಣ್ಣುಗಳು ದುಡಿಯುತ್ತಲೇ ಇವೆ. ಏಕೆ? 1990ರಲ್ಲಿ ಗದಗ್ಕರ್ ಕೊಟ್ಟ ಉತ್ತರ ಸರಳ. ಒಂಟಿಯಾಗಿ ಗೂಡು ಕಟ್ಟಿದವಳು ಮರಿಗಳು ಬಲಿಯುವ ಮೊದಲೇ ಸತ್ತರೆ ಎಲ್ಲವೂ ವ್ಯರ್ಥ. ತುಂಬು ಗೂಡಿನಲ್ಲಿ ದುಡಿದವಳು ನಡುವೆ ಸತ್ತರೂ ಉಳಿದವರು ಆ ಮರಿಗಳನ್ನು ಸಾಕುತ್ತಾರೆ, ಅವಳ ದುಡಿಮೆ ನೀರಿನಲ್ಲಿ ಹೋಗುವುದಿಲ್ಲ. ಇದು ಖಾತರಿಯ ಪ್ರತಿಫಲದ ವಾದ. 1989ರಲ್ಲಿ ಡೇವಿಡ್ ಕ್ವೆಲ್ಲರ್ ಮಂಡಿಸಿದ, ದುಡಿಮೆಗಾರ್ತಿಗೆ ಬೆಳೆಯುತ್ತಿರುವ ಮರಿಗಳು ಮೊದಲ ದಿನವೇ ಸಿಗುತ್ತವೆ ಎಂಬ ವಾದ ಇದರ ನೆರೆಯದು, ಇದೇ ಅಲ್ಲ.

ಈಗ ತೊಡಕಿನ ಜಾಗ. ಕನ್ನಡದಲ್ಲಿ ಕಣಜ ಎಂದರೆ ಕುಟುಕುವ ಹುಳವೂ ಹೌದು, ಧಾನ್ಯ ತುಂಬುವ ಉಗ್ರಾಣವೂ ಹೌದು. 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಹೊರತಂದ ಗದಗ್ಕರ್ ಅವರ ಗ್ರಂಥ ಈ ಎರಡನೆಯ ಅರ್ಥದ ಕಣಜ. ಗೂಡಿನ ಹೆಣ್ಣುಗಳನ್ನು ಕೂರುವವರು, ಕಾದಾಡುವವರು, ಆಹಾರ ತರುವವರು ಎಂದು ವಿಂಗಡಿಸಿದ, ಎನ್. ವಿ. ಜೋಶಿ ಅವರೊಡನೆ 1983ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹಿಡಿದು ಎರಡು ದಶಕಗಳ ಬೆಳೆ ಅಲ್ಲಿದೆ. ಅದಾದ ಮೇಲೆ ಈ ಕಡಜದ ಬಗ್ಗೆ ಬರೆಯುವವರು ಐದಾರು ಪ್ರಬಂಧಗಳನ್ನು ಹೆಸರಿಸುವ ಬದಲು ಗ್ರಂಥವೊಂದನ್ನೇ ಹೆಸರಿಸಬಹುದು. 18 ಉಲ್ಲೇಖಗಳಲ್ಲಿ ನಿಂತ ಐದು ಪ್ರಬಂಧಗಳಿವೆ, ಅವುಗಳಿಗೆ ಬರಬೇಕಿದ್ದ ಉಲ್ಲೇಖಗಳೆಲ್ಲ ಗ್ರಂಥಕ್ಕೆ ಹೋದವು ಎಂದುಕೊಳ್ಳೋಣ. ಗ್ರಂಥದ ಉಲ್ಲೇಖಗಳು ನೂರಾದರೂ ಸೂಚ್ಯಂಕಕ್ಕೆ ಅದು ಒಂದೇ ಚೀಲ. ವೆಬ್ ಆಫ್ ಸೈನ್ಸ್‌ನಂಥ ಪಟ್ಟಿಗಳು ಪತ್ರಿಕೆಗಳ ಮೇಲೆ ನಿಂತವು. ಅದರ ಗ್ರಂಥಸೂಚಿ ಬಂದದ್ದು 2011ರಲ್ಲಿ. ಅಂದರೆ ಆ ಒಂದು ಚೀಲವೂ ಬಹುಕಾಲ ತೂಕಕ್ಕೇ ಬರಲಿಲ್ಲ.

ಇದನ್ನು ಅಳೆದು ಹೇಳುತ್ತಿಲ್ಲ, ಸೂಚ್ಯಂಕದ ರಚನೆಯಿಂದ ಊಹಿಸಿ ಹೇಳುತ್ತಿದ್ದೇನೆ. ಗ್ರಂಥ ಓದಿದವರು ಮೂಲ ಪ್ರಬಂಧಗಳತ್ತ ತಿರುಗಿ ಅವುಗಳ ಉಲ್ಲೇಖ ಹೆಚ್ಚಿರಲೂಬಹುದು. ಹಾಗಾಗಿದ್ದರೆ ನನ್ನ ವಾದ ತಲೆಕೆಳಗು. ಗೂಗಲ್ ಸ್ಕಾಲರ್ ಗ್ರಂಥಗಳನ್ನೂ ಎಣಿಸುವುದರಿಂದ ಅಲ್ಲಿ ನಷ್ಟ ಕಡಿಮೆ. 2001ರ ನಂತರವೂ ಗದಗ್ಕರ್ ಬರೆಯುತ್ತಲೇ ಹೋದದ್ದು ಕೊರತೆಯನ್ನು ತುಂಬಿರಬಹುದು. ಇಷ್ಟಾದರೂ, ಯಾವ ಪಟ್ಟಿಯೂ ಹಿಡಿಯಲಾರದ ಇನ್ನೊಂದು ಸೋರಿಕೆ ಉಳಿಯುತ್ತದೆ. ಸರ್ವಸಮ್ಮತವಾದ ವಿಚಾರ ಮೂಲದ ಹೆಸರನ್ನೇ ಕಳೆದುಕೊಳ್ಳುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಖಾತರಿಯ ಪ್ರತಿಫಲ ಎಂಬ ಮಾತೂ ಆ ದಾರಿಯಲ್ಲಿದೆ ಎಂದು ನನಗನ್ನಿಸುತ್ತದೆ. ಉಲ್ಲೇಖಗಳ ಎಣಿಕೆಯೂ ಹೀಗೆಯೇ: ಚೆನ್ನೈನ ಕಾಸಿಮೇಡಿನ ಮೀನು ದಕ್ಕೆಯಲ್ಲಿ ಇಳಿದ ಬುಟ್ಟಿಗಳನ್ನು ತೂಗಬಹುದು, ಆ ತೂಕ ಕಡಲಿನಲ್ಲಿರುವ ಮೀನಿನದಲ್ಲ.

ಪರೀಕ್ಷೆಗೆ ದಾರಿಯಿದೆ. 1983ರಿಂದ 2000ದವರೆಗಿನ ಪ್ರಬಂಧಗಳ ವಾರ್ಷಿಕ ಉಲ್ಲೇಖಗಳನ್ನು 2001ರ ಹಿಂದೆ ಮುಂದೆ ಇಟ್ಟು, ಗ್ರಂಥ ಬರೆಯದ ಸಮಕಾಲೀನ ಕಡಜತಜ್ಞರೊಬ್ಬರ ಅಂಕಿಗಳೊಡನೆ ಹೋಲಿಸಬೇಕು. ಹೋಲಿಕೆಗೆ ತಕ್ಕವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಒಂದೇ ಕಡಜದ ಬೆನ್ನು ಹತ್ತಿ ನಾಲ್ಕು ದಶಕ ಕಳೆದವರು ಎಷ್ಟು ಮಂದಿ ಸಿಕ್ಕಾರು?