ಗದ್ದೆಯ ಫುಟ್‌ಬಾಲು, ಗಣಿಯ ದುಡ್ಡು

ನವೆಂಬರ್ ಹೊತ್ತಿಗೆ ಗೋವಾದ ಸಾಲ್ಸೆಟ್ ತಾಲ್ಲೂಕಿನಲ್ಲಿ ಭತ್ತದ ಕೊಯ್ಲು ಮುಗಿದಿರುತ್ತದೆ. ಗದ್ದೆಯ ಕೆಸರು ಒಣಗಿ, ಬರಿಗಾಲಿಗೆ ಚುಚ್ಚುವ ಕೂಳೆ ಮಾತ್ರ ಉಳಿದಿರುತ್ತದೆ. ಊರ ಹುಡುಗರು ಕೂಳೆ ಕಿತ್ತು, ಹೆಂಟೆ ಒಡೆದು, ಸುಣ್ಣದ ಗೆರೆ ಎಳೆದು ಎರಡು ಕಡೆ ಕಂಬ ನೆಟ್ಟರೆ ಮೈದಾನ ಸಿದ್ಧ. ನೆಲ ಪುಕ್ಕಟೆ. ಉಳಿದುದಕ್ಕೆಲ್ಲ ದುಡ್ಡು ಬೇಕು: ಚೆಂಡಿಗೆ, ಬಲೆಗೆ, ಬೂಟಿಗೆ, ರೆಫರಿಯ ಕೈಗೆ, ಪಕ್ಕದೂರಿಗೆ ತಂಡ ಹೊತ್ತೊಯ್ಯುವ ವ್ಯಾನಿಗೆ, ಗೆದ್ದವರಿಗೆ ಕೊಡುವ ಕಪ್ಪಿಗೆ. ಈ ದುಡ್ಡು ಯಾರ ಜೇಬಿನಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಗೋವಾದ ಕಳೆದ ನೂರನಲವತ್ತು ವರ್ಷಗಳ ಬದುಕೇ ಕಣ್ಣಿಗೆ ಬೀಳುತ್ತದೆ. ಪಾದ್ರಿಗಳು, ಹಡಗಿನ ಕೆಲಸಗಾರರು, ಗಣಿ ಧಣಿಗಳು, ಟಿಕೆಟ್ ಕೊಂಡು ಬಿಸಿಲಲ್ಲಿ ಕೂತವರು, ಎಲ್ಲರೂ ಅದರಲ್ಲಿ ಪಾಲುದಾರರು.

ಆಟ ತಂದವರು ಗೋವಾವನ್ನು ಆಳುತ್ತಿದ್ದ ಪೋರ್ಚುಗೀಸರೇ ಇರಬೇಕೆಂದು ಹಲವರು ಭಾವಿಸುತ್ತಾರೆ. ತಂದವರು ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಬ್ರಿಟಿಷ್ ಪಾದ್ರಿ. ಆರೋಗ್ಯ ಸುಧಾರಿಸಿಕೊಳ್ಳಲು ಗೋವಾಕ್ಕೆ ಬಂದ ಅವರು 1883ರಲ್ಲಿ ಬಾರ್ದೇಶ್ ತಾಲ್ಲೂಕಿನ ಸಿಯೋಲಿಮ್‌ನಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸಿದರು. ಮುಂದೆ ಅರ್ಪೋರಾದ ಸೇಂಟ್ ಜೋಸೆಫ್ ಶಾಲೆಯಲ್ಲಿ ಅದು ಪಾಠದ ಜೊತೆಗೇ ಬೆಳೆಯಿತು. ಶಾಲೆಯಲ್ಲೂ ಸೆಮಿನರಿಯಲ್ಲೂ ಆಡಿ ಬೆಳೆದವರು ಪಾದ್ರಿಗಳೋ ಮೇಷ್ಟರುಗಳೋ ಆಗಿ ಊರೂರಿಗೆ ಹೋದಾಗ ಚೆಂಡೂ ಅವರ ಜೊತೆ ಹೋಯಿತು. ಚರ್ಚಿನ ಮುಂದಿನ ಬಯಲು ಆಟದ ಬಯಲಾಯಿತು. ಊರಿನ ಜಮೀನನ್ನು ಸಾಮೂಹಿಕವಾಗಿ ನೋಡಿಕೊಳ್ಳುತ್ತಿದ್ದ ಕೊಮುನಿದಾದ್‌ಗಳ ನೆಲವೂ ಆಟಕ್ಕೆ ಒದಗಿತು. ಬಡ ಹುಡುಗನೊಬ್ಬ ಆಟಗಾರನಾಗಲು ತೆರಬೇಕಿದ್ದ ದೊಡ್ಡ ಖರ್ಚು ಜಾಗದ್ದು. ಅದನ್ನು ಊರೇ ಹೊತ್ತುಕೊಂಡಿತು. ಗೋವಾದಲ್ಲಿ ಫುಟ್‌ಬಾಲ್ ಎಲ್ಲರ ಆಟವಾದುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಹುಡುಕಬೇಕಿಲ್ಲ.

ಆಟ ನೋಡಲು ದುಡ್ಡು ಕಟ್ಟುವ ರೂಢಿ ಆ ಗದ್ದೆಗಳಿಗೆ ಹೊಸದಲ್ಲ. ಕೊಯ್ಲಿನ ನಂತರ ಅಲ್ಲೇ ಧಿರಿಯೊ ನಡೆಯುತ್ತಿತ್ತು: ಎರಡು ಹೋರಿಗಳು ಕೊಂಬಿಗೆ ಕೊಂಬು ಕೊಟ್ಟು ಸೆಣಸುವ ಕಾಳಗ. ಚರ್ಚಿನ ಹಬ್ಬದ ದಿನಗಳಲ್ಲಿ ಅದರ ಸುತ್ತ ಸಾವಿರಾರು ಜನ ಸೇರುತ್ತಿದ್ದರು. ಹೋರಿಯ ಮಾಲೀಕ ವರ್ಷವಿಡೀ ಅದರ ಮೇವಿಗೆ, ಆರೈಕೆಗೆ ಸುರಿದ ದುಡ್ಡು ಒಂದು ಕಡೆ. ಸುತ್ತ ನಿಂತವರು ಬಾಜಿ ಕಟ್ಟಿ ಗೆದ್ದ, ಕಳೆದುಕೊಂಡ ದುಡ್ಡು ಇನ್ನೊಂದು ಕಡೆ. ಪ್ರೇಕ್ಷಕನೊಬ್ಬ ಹೋರಿ ತಿವಿದು ಸತ್ತ ಮೇಲೆ, 1996ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಧಿರಿಯೊ ನಿಲ್ಲಿಸಬೇಕೆಂದು ತೀರ್ಪು ಕೊಟ್ಟಿತು. ಆದರೂ ಬೆಳಗಿನ ಜಾವ ಪೊಲೀಸರ ಕಣ್ತಪ್ಪಿಸಿ ಕಾಳಗ ನಡೆದ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಮೂಕಪ್ರಾಣಿಗಳ ನೋವಿನ ಮೇಲೆ ಕಟ್ಟಿದ ಆ ಬಾಜಿಯನ್ನು ಸಂಪ್ರದಾಯವೆಂದು ಸಮರ್ಥಿಸುವುದು ಕಷ್ಟ. ಫುಟ್‌ಬಾಲ್ ಅದೇ ಗದ್ದೆಯಲ್ಲಿ, ಅದೇ ಹಬ್ಬದ ಜನಸಂದಣಿಯ ನಡುವೆ ತನ್ನ ಜಾಗ ಹುಡುಕಿಕೊಂಡಿತೆಂಬುದು ಮಾತ್ರ ನೆನಪಿಡಬೇಕಾದ ಸಂಗತಿ.

ಹಬ್ಬಕ್ಕೆ ದುಡ್ಡು ಬರುತ್ತಿದ್ದುದು ಹೆಚ್ಚಾಗಿ ಊರ ಹೊರಗಿನಿಂದ. ಹತ್ತೊಂಬತ್ತನೆಯ ಶತಮಾನದಿಂದಲೇ ಗೋವಾದ ಗಂಡಸರು ಮುಂಬೈಗೆ, ಅಲ್ಲಿಂದ ಹಡಗುಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮುಂಬೈಯ ಧೋಬಿ ತಲಾವ್, ಮಜಗಾಂವ್ ಸುತ್ತಮುತ್ತ ಅವರಿಗೆಂದೇ ‘ಕೂಡ್’ಗಳಿದ್ದವು: ಒಂದೊಂದು ಊರಿನವರಿಗೆ ಒಂದೊಂದು ತಂಗುದಾಣ, ಸಣ್ಣ ಬಾಡಿಗೆ, ಗೋಡೆಗೆ ಊರ ಸಂತನ ಚಿತ್ರ, ಸಂಜೆಗೆ ಜಪಮಾಲೆಯ ಪ್ರಾರ್ಥನೆ. ಮುಂದಿನ ಹಡಗಿಗೆ ಕಾಯುತ್ತಿದ್ದ ‘ತಾರ್ವಟಿ’ಗಳು, ಅಂದರೆ ಹಡಗಿನ ಕೆಲಸಗಾರರು, ಅಲ್ಲಿಂದಲೇ ಊರಿಗೆ ಹಣ ಕಳಿಸುತ್ತಿದ್ದರು. ಮನೆ ಖರ್ಚಿಗೆ ಹೋದುದು ಹೋಗಿ, ಉಳಿದುದು ಚರ್ಚಿಗೆ, ಹಬ್ಬಕ್ಕೆ, ಹಬ್ಬದ ಪಂದ್ಯಕ್ಕೆ. ಆಮೇಲಿನ ತಲೆಮಾರು ಕೊಲ್ಲಿ ದೇಶಗಳಿಗೆ ಹೋಯಿತು. ಕುವೈತಿನ ಗೋವನ್ನರು ಶುಕ್ರವಾರದ ರಜೆಗಳಲ್ಲಿ ತಂತಮ್ಮ ಹಳ್ಳಿಯ ಹೆಸರಿನಲ್ಲೇ ತಂಡ ಕಟ್ಟಿ, ಸ್ವಂತ ಖರ್ಚಿನಲ್ಲಿ ಜರ್ಸಿ ಹೊಲಿಸಿ, ಟೂರ್ನಿ ನಡೆಸುತ್ತ ಬಂದಿದ್ದಾರೆ. ಮುಂಬೈಯಲ್ಲಿ ಬೆಳೆದ ಗೋವಾ ಮೂಲದ ನೆವಿಲ್ ಡಿಸೋಜಾ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದು ಭಾರತವನ್ನು ಸೆಮಿಫೈನಲ್‌ಗೆ ಒಯ್ದದ್ದೂ ಈ ವಲಸೆಯ ಕತೆಯದೇ ಒಂದು ಪುಟ.

ಆಳುವವರು ಕೈ ಬಿಚ್ಚಿದ್ದು ಬಹಳ ತಡವಾಗಿ. ಪಕ್ಕದ ಭಾರತ ಸ್ವತಂತ್ರವಾದ ಮೇಲೆ, ಗೋವನ್ನರ ಮನಸ್ಸು ತಮ್ಮ ಕಡೆ ಉಳಿಯಲಿ ಎಂಬ ಆತುರದಲ್ಲಿ, ಪೋರ್ಚುಗೀಸ್ ಸರ್ಕಾರ 1951ರಲ್ಲಿ ಕ್ರೀಡಾ ಮಂಡಳಿಯೊಂದನ್ನು ಮಾಡಿತು. 1955ರಲ್ಲಿ ಮೊಜಾಂಬಿಕ್‌ನ ಫೆರೊವಿಯಾರಿಯೊ ತಂಡ, 1960ರಲ್ಲಿ ಲಿಸ್ಬನ್ನಿನ ಬೆನ್ಫಿಕಾ ಬಂದು ಆಡಿದವು. ಇಂದಿನ ಗೋವಾ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು 1959ರ ಡಿಸೆಂಬರಿನಲ್ಲಿ, ಪೋರ್ಚುಗೀಸ್ ಹೆಸರಿನೊಂದಿಗೆ. ಎರಡು ವರ್ಷ ಕಳೆಯುವಷ್ಟರಲ್ಲಿ, 1961ರ ಡಿಸೆಂಬರ್ 19ಕ್ಕೆ, ಆಳ್ವಿಕೆಯೇ ಮುಗಿಯಿತು. ಊರ ಕ್ಲಬ್ಬಿನ ಚಂದಾ ಸಂಗ್ರಹಿಸುವವರು ಕೆಲವೇ ವರ್ಷಗಳ ಅಂತರದಲ್ಲಿ ಪೋರ್ಚುಗೀಸ್ ರೂಪಿಯಾ, ಎಸ್ಕುದೊ, ಭಾರತದ ರೂಪಾಯಿ ಮೂರನ್ನೂ ಎಣಿಸಿದರು.

ಅದೇ ಕಾಲಕ್ಕೆ ಇನ್ನೊಂದು ದೊಡ್ಡ ದುಡ್ಡು ನೆಲದಡಿಯಿಂದ ಏಳುತ್ತಿತ್ತು. ಬಿಚೋಲಿಮ್, ಸಾಂಗೆ ಸೀಮೆಯ ಕಬ್ಬಿಣದ ಅದಿರು 1950ರ ದಶಕದಲ್ಲಿ ಜಪಾನಿನತ್ತ ಹರಿಯತೊಡಗಿತು. ಬಾರ್ಜುಗಳು ಮಾಂಡವಿ, ಜುವಾರಿ ನದಿಗಳಲ್ಲಿ ಇಳಿದು ಮರ್ಮಗೋವಾ ಬಂದರಿಗೆ ಅದಿರು ತಂದು ಸುರಿದವು. ಗಣಿ ಮನೆತನಗಳ, ಕಂಪನಿಗಳ ಹೆಸರಿನಲ್ಲಿ ಫುಟ್‌ಬಾಲ್ ತಂಡಗಳು ಎದ್ದವು: 1956ರಲ್ಲಿ ಸಾಲ್ಗಾಂವಕರ್, 1968ರಲ್ಲಿ ಡೆಂಪೊ, ಜೊತೆಗೆ ಸೆಸಾ. ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಸ್ವತಃ ಗಣಿ ಮಾಲೀಕರು, ಆಟದ ಹುಚ್ಚಿನವರು. 1970ರಲ್ಲಿ ಅವರ ಹೆಸರಿನ ಚಿನ್ನದ ಟ್ರೋಫಿ ಶುರುವಾಗಿ ದೇಶದ ದೊಡ್ಡ ತಂಡಗಳನ್ನು ಗೋವಾಕ್ಕೆ ಕರೆತಂದಿತು.

ಕನ್ನಡಿಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮರ್ಮಗೋವಾದಲ್ಲಿ ಹಡಗು ತುಂಬಿದ ಅದಿರಿನಲ್ಲಿ ಹೊಸಪೇಟೆ, ಬಳ್ಳಾರಿಯ ಅದಿರೂ ಇತ್ತು. ಬಂದರಿನಲ್ಲಿ, ರಸ್ತೆಯಲ್ಲಿ, ಕಟ್ಟಡಗಳಲ್ಲಿ ದುಡಿಯಲು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದವರು ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ನೆಲೆಸಿದರು. ಗೋವಾದ ಸಿರಿಗೆ ಬೆವರು ಸುರಿಸಿದವರ ಪಟ್ಟಿಯಲ್ಲಿ ಅವರ ಹೆಸರನ್ನು ಬರೆಯುವವರು ಕಡಿಮೆ. ಆ ಸಿರಿಯ ಒಂದು ಸಣ್ಣ ಪಾಲು ಫುಟ್‌ಬಾಲಿಗೂ ಹೋಯಿತು.

ಧಣಿಗಳ ಥೈಲಿ ಬಿಚ್ಚಿದ್ದರಿಂದ ಆಟಗಾರನ ಬದುಕು ಬದಲಾಯಿತು. ಬೂಟಿಗೆ ತಾನೇ ದುಡ್ಡು ಹೊಂದಿಸಬೇಕಾಗಿದ್ದ ಹುಡುಗ ಈಗ ಆಡಿದ್ದಕ್ಕೆ ಸಂಬಳ ಪಡೆಯುವಂತಾದ. ಫಲವೂ ಕಂಡಿತು. 1982–83ರ ಸಂತೋಷ್ ಟ್ರೋಫಿಯನ್ನು ಬಂಗಾಳದ ಜೊತೆ ಹಂಚಿಕೊಂಡ ಗೋವಾ ಮರುವರ್ಷ ಒಂದೂ ಗೋಲು ಬಿಟ್ಟುಕೊಡದೆ ಪೂರ್ತಿ ಗೆದ್ದಿತು. ಗೋಲಿನ ಮುಂದೆ ನಿಂತಿದ್ದವರು ತಾಳೆಗಾಂವದ ಬ್ರಹ್ಮಾನಂದ ಸಂಖವಾಳಕರ್. ಇತ್ತ ಊರವರ ಖರ್ಚು ಆಡುವ ಕಡೆಯಿಂದ ನೋಡುವ ಕಡೆಗೆ ಸರಿಯಿತು. 1989ರಲ್ಲಿ ಮಡಗಾಂವ್ ಪಕ್ಕದ ಫತೋರ್ಡಾದಲ್ಲಿ ನೆಹರೂ ಕ್ರೀಡಾಂಗಣ ತೆರೆದ ಮೇಲಂತೂ ಸಂಜೆ ಬಸ್ಸು ಹಿಡಿದು, ಟಿಕೆಟ್ ಕೊಂಡು, ಕಡಲೆಕಾಯಿ ತಿನ್ನುತ್ತ ಪಂದ್ಯ ನೋಡುವುದು ದಕ್ಷಿಣ ಗೋವಾದ ರೂಢಿಯೇ ಆಯಿತು.

ಕ್ರಿಕೆಟ್ಟೂ ಅಲ್ಲಿಗೆ ಬಂತು, ಅದರ ಜೊತೆ ಒಂದು ಕಹಿಯೂ ಬಂತು. 2001ರ ಏಪ್ರಿಲ್ 6ರಂದು ಭಾರತ–ಆಸ್ಟ್ರೇಲಿಯಾ ಸರಣಿಯ ಕೊನೆಯ ಏಕದಿನ ಪಂದ್ಯ. ಲಕ್ಷ್ಮಣ್ 101 ಹೊಡೆದರು, ಬೆವನ್ ಔಟಾಗದೆ ಉಳಿದು ಆಸ್ಟ್ರೇಲಿಯಾವನ್ನು ಗೆಲ್ಲಿಸಿದರು. ಗೇಟಿನ ಹೊರಗೆ ಮಾತ್ರ ದುಡ್ಡು ಕೊಟ್ಟು ಟಿಕೆಟ್ ಹಿಡಿದು ನಿಂತ ನೂರಾರು ಜನರಿಗೆ ಒಳಗೆ ಜಾಗವಿರಲಿಲ್ಲ; ನಕಲಿ ಟಿಕೆಟ್‌ಗಳು ಮಾರಾಟವಾಗಿದ್ದವು. ಗೊಂದಲ, ಲಾಠಿ, ಆಮೇಲೆ ವರ್ಷಗಟ್ಟಲೆ ಎಳೆದ ಮೊಕದ್ದಮೆ. ದಿನಗೂಲಿಯಲ್ಲಿ ಉಳಿಸಿ ಟಿಕೆಟ್ ಕೊಂಡವನಿಗೆ ಆದ ನಷ್ಟ ಯಾವ ತೀರ್ಪಿನಿಂದಲೂ ತುಂಬುವಂಥದ್ದಲ್ಲ.

ಫುಟ್‌ಬಾಲ್ ತನ್ನ ಉತ್ತುಂಗಕ್ಕೆ ಏರಿದ್ದೂ ಆ ವರ್ಷಗಳ ಆಸುಪಾಸಿನಲ್ಲೇ. 1998–99ರಿಂದ 2012–13ರವರೆಗಿನ ಹದಿನೈದು ಋತುಗಳಲ್ಲಿ ರಾಷ್ಟ್ರೀಯ ಲೀಗ್ ಪ್ರಶಸ್ತಿ ಒಂಬತ್ತು ಸಲ ಗೋವಾಕ್ಕೆ ಬಂತು: ಡೆಂಪೊಗೆ ಐದು, ಸಾಲ್ಗಾಂವಕರ್‌ಗೆ ಎರಡು, ಚರ್ಚಿಲ್ ಬ್ರದರ್ಸ್‌ಗೆ ಎರಡು. ಐ-ಲೀಗ್ ಎಂಬ ಹೊಸ ಹೆಸರು ಬಂದ ಮೇಲಿನ ಮೊದಲ ಆರು ವರ್ಷವೂ ಗೋವಾದವರೇ ಗೆದ್ದರು. ಹದಿನೈದು ಲಕ್ಷದಷ್ಟು ಜನರ ಪುಟ್ಟ ರಾಜ್ಯ ಕೋಲ್ಕತ್ತಾವನ್ನು ಹೀಗೆ ಹಿಂದೆ ಹಾಕಿದ್ದು ಸಣ್ಣ ಸಾಧನೆಯೇ? ಆ ಸರಪಳಿ ಕಡಿದದ್ದು ಬೆಂಗಳೂರು ಎಫ್‌ಸಿ. 2014ರ ಏಪ್ರಿಲ್ 21ರಂದು ಫತೋರ್ಡಾದಲ್ಲೇ ಡೆಂಪೊವನ್ನು 4–2ರಿಂದ ಸೋಲಿಸಿ, ಆಡಿದ ಮೊದಲ ವರ್ಷವೇ ಅದು ಲೀಗ್ ಎತ್ತಿತು.

ಅಷ್ಟರಲ್ಲಿ ಗಣಿಯ ದುಡ್ಡಿನ ಒರತೆ ಬತ್ತತೊಡಗಿತ್ತು. ಅಕ್ರಮ ಗಣಿಗಾರಿಕೆಯ ಬಗ್ಗೆ ಷಾ ಆಯೋಗದ ವರದಿ ಬಂದ ಮೇಲೆ 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಗಣಿಗಳನ್ನು ನಿಲ್ಲಿಸಿದವು. ಮತ್ತೆ ಶುರುವಾದದ್ದು 2018ರಲ್ಲಿ 88 ಗುತ್ತಿಗೆಗಳ ರದ್ದಿನೊಂದಿಗೆ ಪುನಃ ನಿಂತಿತು. ಬೆಟ್ಟ, ಹೊಲ, ಹೊಳೆಗಳು ಅನುಭವಿಸಿದ್ದನ್ನು ನೋಡಿದರೆ ಆ ತೀರ್ಪುಗಳ ಬಗ್ಗೆ ದೂರಲಾಗದು. ಈ ನಡುವೆ 2016ರಲ್ಲಿ ಡೆಂಪೊ, ಸಾಲ್ಗಾಂವಕರ್, ಸ್ಪೋರ್ಟಿಂಗ್ ಕ್ಲೂಬ್ ಮೂರೂ ಐ-ಲೀಗ್‌ನಿಂದ ಹೊರನಡೆದವು. ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಮೇಲ್ಮೆ ಕೊಡುವ ಫುಟ್‌ಬಾಲ್ ಫೆಡರೇಶನ್ನಿನ ಯೋಜನೆಗೆ ಪ್ರತಿಭಟನೆಯೆಂದು ಅವು ಕಾರಣ ಕೊಟ್ಟವು. ಆ ಲೀಗಿನಲ್ಲಿ ಆಡಲು 2014ರಲ್ಲಿ ಹುಟ್ಟಿದ ಎಫ್‌ಸಿ ಗೋವಾದಲ್ಲಿ ಡೆಂಪೊ, ಸಾಲ್ಗಾಂವಕರ್ ಕುಟುಂಬದವರೇ ಪಾಲುದಾರರಾಗಿದ್ದರು. ಜೊತೆಗೆ ವಿರಾಟ್ ಕೊಹ್ಲಿ, ತರಬೇತಿಗೆ ಬ್ರೆಜಿಲ್ಲಿನ ಜಿಕೊ. ಕಿತ್ತಳೆ ಬಣ್ಣದ ಜರ್ಸಿ, ಸ್ಕಾರ್ಫು, ಋತುವಿಡೀ ನೋಡುವ ಟಿಕೆಟ್: ಅಭಿಮಾನಿಯ ಖರ್ಚಿಗೆ ಹೊಸ ಹೊಸ ಬಾಬತ್ತುಗಳು ಸೇರಿದವು.

ಆ ತಂಡದ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದಲ್ಲೇ ಹುಟ್ಟಿದ ಆಟಗಾರ, ಅಡ್ಡಹೆಸರು ಮಾತ್ರ ಉತ್ತರ ಕರ್ನಾಟಕದವರಿಗೆ ಚೆನ್ನಾಗಿ ಪರಿಚಿತ. 2015ರ ಡಿಸೆಂಬರ್ 20ರಂದು ಫತೋರ್ಡಾದಲ್ಲಿ ಚೆನ್ನೈಯಿನ್ ವಿರುದ್ಧದ ಐಎಸ್‌ಎಲ್ ಫೈನಲ್‌ನಲ್ಲಿ 87ನೇ ನಿಮಿಷಕ್ಕೆ ಗೋವಾ 2–1ರಿಂದ ಮುಂದಿತ್ತು. 90ನೇ ನಿಮಿಷದಲ್ಲಿ ಚೆಂಡು ಕಟ್ಟಿಮನಿಯ ಕೈ ತಾಗಿ ಸ್ವಂತ ಗೋಲಿನೊಳಗೆ ಹೋಯಿತು. ಹಿಂದೆಯೇ ಮೆಂಡೋಜಾ ಮೂರನೆಯದು ಹೊಡೆದರು. ತುಂಬಿದ ಕ್ರೀಡಾಂಗಣ ಮಾತಿಲ್ಲದೆ ಮನೆಗೆ ಹೋಯಿತು. 2022ರ ಮಾರ್ಚ್ 20ರಂದು ಅದೇ ಮೈದಾನದಲ್ಲಿ, ಈಗ ಹೈದರಾಬಾದ್ ತಂಡಕ್ಕೆ ಆಡುತ್ತ, ಕೇರಳ ಬ್ಲಾಸ್ಟರ್ಸ್ ವಿರುದ್ಧದ ಫೈನಲ್‌ನಲ್ಲಿ ಅದೇ ಕಟ್ಟಿಮನಿ ಮೂರು ಪೆನಾಲ್ಟಿ ತಡೆದು ಕಪ್ ಗೆಲ್ಲಿಸಿದರು.

ಕೋವಿಡ್ ಕಾರಣ ಎರಡು ಋತು ಪೂರ್ತಿ ಲೀಗ್ ಗೋವಾದ ಮೂರು ಕ್ರೀಡಾಂಗಣಗಳಲ್ಲಿ ಬಾಗಿಲು ಮುಚ್ಚಿ ನಡೆದಿತ್ತು. ಆ ಫೈನಲ್‌ಗೆ ಮಾತ್ರ ಪ್ರೇಕ್ಷಕರನ್ನು ಬಿಟ್ಟರು. ಕೇರಳದಿಂದ ಹಳದಿ ಅಂಗಿಯ ಸಾವಿರಾರು ಜನ ರೈಲು, ಬಸ್ಸು, ಬೈಕು ಹಿಡಿದು, ಕಾಸರಗೋಡು, ಮಂಗಳೂರು, ಕಾರವಾರ ದಾಟಿ ಬಂದರು. ಬೈಕಿನಲ್ಲಿ ಹೊರಟ ಮಲಪ್ಪುರಂ ಜಿಲ್ಲೆಯ ಇಬ್ಬರು ಯುವಕರು ಕಾಸರಗೋಡು ಬಳಿಯ ಉದುಮದಲ್ಲಿ ಲಾರಿ ಡಿಕ್ಕಿಯಾಗಿ ತೀರಿಕೊಂಡರು. ಆಟ ನೋಡುವ ಆಸೆಗೆ ತೆತ್ತ ಬೆಲೆಗಳಲ್ಲಿ ಅವರದನ್ನು ರೂಪಾಯಿಯಲ್ಲಿ ಬರೆಯಲು ಬರುವುದಿಲ್ಲ.

2025ರ ಅಕ್ಟೋಬರ್ 22ರಂದು ಸೌದಿಯ ಅಲ್ ನಾಸರ್ ಫತೋರ್ಡಾಕ್ಕೆ ಬಂತು. ರೊನಾಲ್ಡೊ ಬರುತ್ತಾರೆಂಬ ನಿರೀಕ್ಷೆಯಲ್ಲಿ ಟಿಕೆಟ್ ದರ ಸಾವಿರಗಳ ಲೆಕ್ಕಕ್ಕೆ ಏರಿತ್ತು. ಅವರು ಬರಲಿಲ್ಲ. ಗೋವಾ 1–2ರಿಂದ ಸೋತರೂ ಊರ ಹುಡುಗ ಬ್ರೈಸನ್ ಫೆರ್ನಾಂಡಿಸ್ ಹೊಡೆದ ಗೋಲಿಗೆ ಎದ್ದು ಕುಣಿದವರು, ಕೊಟ್ಟ ದುಡ್ಡು ವ್ಯರ್ಥವಾಯಿತೆಂದು ಭಾವಿಸಿರಲಾರರು.

ಈ ದೊಡ್ಡ ಪಂದ್ಯಗಳ ಬೆಳಕಿನಾಚೆ ಕುಡ್ತರಿ ಜಿಮ್ಖಾನಾ, ಕಲಂಗುಟ್ ಅಸೋಸಿಯೇಷನ್, ಕುಡ್ಚಡೆಯ ಗಾರ್ಡಿಯನ್ ಏಂಜೆಲ್‌ನಂಥ ಊರ ಕ್ಲಬ್ಬುಗಳು ಇನ್ನೂ ಆಡುತ್ತಿವೆ. ಸದಸ್ಯರ ಚಂದಾ, ಹೌಸಿ ಆಟ, ಸಹಾಯಾರ್ಥ ತಿಯಾತ್ರ್ (ಕೊಂಕಣಿ ನಾಟಕ) ಪ್ರದರ್ಶನ, ಸ್ಮರಣ ಸಂಚಿಕೆಯ ಜಾಹೀರಾತು, ವಿದೇಶದಲ್ಲಿರುವ ಊರವರ ದೇಣಿಗೆ ಇವೇ ಇಂಥ ಕ್ಲಬ್ಬುಗಳ ಬಂಡವಾಳ. ಮನೆಮನೆಯ ಲೆಕ್ಕವೂ ಬದಲಾಗಿದೆ: ಚರ್ಚಿನ ಬಯಲಲ್ಲಿ ಪುಕ್ಕಟೆ ಕಲಿಯುತ್ತಿದ್ದುದನ್ನು ಈಗ ಮಕ್ಕಳು ಅಕಾಡೆಮಿಯ ಶುಲ್ಕ ಕೊಟ್ಟು, ಕೃತಕ ಹುಲ್ಲಿನ ಅಂಗಳಕ್ಕೆ ಗಂಟೆಯ ಬಾಡಿಗೆ ತೆತ್ತು ಕಲಿಯುತ್ತಾರೆ. ಸರ್ಕಾರ ಕ್ರೀಡಾಂಗಣಗಳಿಗೆ ಸುರಿಯುವ ಹಣದ ಒಂದು ಪಾಲನ್ನಾದರೂ ಊರ ಬಯಲುಗಳನ್ನು ಉಳಿಸಿಕೊಳ್ಳಲು ಇಡಬೇಕು. ಒಂದು ಗದ್ದೆ ಬಡಾವಣೆಯಾದರೆ ಬಡವರ ಮಕ್ಕಳ ಒಂದು ಮೈದಾನ ಹೋದಂತೆ.

ಎಂಟು ವರ್ಷ ದೂರವಿದ್ದ ಡೆಂಪೊ 2024–25ರಲ್ಲಿ ಐ-ಲೀಗ್‌ಗೆ ಮರಳಿತು, ಕೆಳಗಿನ ದರ್ಜೆಯಲ್ಲಿ ಆಡಿ, ಎಸ್‌ಸಿ ಬೆಂಗಳೂರಿನ ಜೊತೆಯಲ್ಲಿ ಬಡ್ತಿ ಪಡೆದು. ತಂಡವನ್ನು ತಯಾರು ಮಾಡಿದವರು ಅದೇ ಕ್ಲಬ್ಬಿನ ಗೆಲುವಿನ ದಿನಗಳಲ್ಲಿ ರಕ್ಷಣೆಯಲ್ಲಿ ನಿಂತಿದ್ದ ಸಮೀರ್ ನಾಯಕ್.