ಎಲ್‌ಕೆಜಿಯ 'ಕೆ' ಮತ್ತು ಚಪಾತಿ ಹಿಟ್ಟಿನ ಉಂಡೆ

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ನಾಲ್ಕು ವರ್ಷದ ಅವಳ ಮಗಳು ಹೋಮ್‌ವರ್ಕ್ ಪುಸ್ತಕದ ಮುಂದೆ ಅಳುತ್ತಾ ಕೂತಿದ್ದಳು. ಒಂದರಿಂದ ನೂರರವರೆಗೆ ಬರೆಯಬೇಕಂತೆ, ಅದೂ ಎರಡು ಸಲ! ಇನ್ನೂ ಎಲ್‌ಕೆಜಿ ಕಣ್ರೀ... ಮೂವತ್ತು ಮುಟ್ಟುವಷ್ಟರಲ್ಲಿ ಪೆನ್ಸಿಲ್ ಬಿಸಾಕಿ ಅಡುಗೆಮನೆಗೆ ಓಡಿದಳು. ಅಕ್ಕನಿಂದ ಒಂದು ಉಂಡೆ ಚಪಾತಿ ಹಿಟ್ಟು ಇಸ್ಕೊಂಡು ಉರುಳಿಸಿದಳು, ಹೊಸೆದು ಹಾವು ಮಾಡಿದಳು, ಹಾವನ್ನು ತುಂಡು ಮಾಡಿ ಎಣಿಸಿದಳು. ಅಳು ಎಲ್ಲಿ ಹೋಯ್ತೋ!

ಆ 'ಕೆ' ಅಂದ್ರೆ ಕಿಂಡರ್‌ಗಾರ್ಟನ್, ಅಂದರೆ ಜರ್ಮನ್ ಭಾಷೆಯಲ್ಲಿ 'ಮಕ್ಕಳ ತೋಟ'. ಹೆಸರಿಟ್ಟವನು ಫ್ರೆಡ್ರಿಕ್ ಫ್ರೋಬೆಲ್. ಹುಟ್ಟಿದ್ದು 1782ರಲ್ಲಿ. ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. ಕಾಡಿನ ಕೆಲಸ ಕಲಿತ, ಮೇಷ್ಟ್ರಾದ, ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಹರಳುಗಳನ್ನು ಜೋಡಿಸುವ ಕೆಲಸವನ್ನೂ ಮಾಡಿದ. 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಲ್ಲಿ ಪುಟ್ಟ ಮಕ್ಕಳಿಗಾಗಿ ಆಟದ ಸಂಸ್ಥೆ ತೆರೆದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂತು.

ಅಲ್ಲಿ ಸ್ಲೇಟಿಗಿಂತ ಮೊದಲು ಆಟದ ಸಾಮಾನು. ಅವನ್ನು ಆತ 'ಉಡುಗೊರೆ' ಅಂತ ಕರೆದ. ಮೊದಲನೆಯದು ಬಣ್ಣಬಣ್ಣದ ಆರು ಉಣ್ಣೆ ಚೆಂಡು. ಎರಡನೆಯದು ಮರದ ಗೋಲ, ಘನ, ಸಿಲಿಂಡರ್. ಘನವನ್ನು ದಾರಕ್ಕೆ ಕಟ್ಟಿ ಜೋರಾಗಿ ತಿರುಗಿಸಿದರೆ ಸಿಲಿಂಡರ್ ಥರ ಕಾಣುತ್ತದೆ! ಮೂರನೆಯದು ಎಂಟು ಸಣ್ಣ ಘನಗಳಾಗಿ ಬಿಚ್ಚಿಕೊಳ್ಳುವ ಒಂದು ದೊಡ್ಡ ಘನ. ಅದನ್ನು ಬಿಚ್ಚಿ ಕುರ್ಚಿ ಕಟ್ಟುವಾಗಲೇ ಮಗುವಿಗೆ ಅರ್ಧ, ಕಾಲು, ಅರೆಕಾಲು ಕೈಗೆ ಸಿಕ್ಕಿರುತ್ತದೆ. ಇದನ್ನೇ ನಾನು ಇಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿನಲ್ಲಿ ಕಾಗದದ ಮೇಲೆ ನೋಡಿ ತಲೆ ಕೆರೆದುಕೊಂಡಿದ್ದೆ :)

ಇಂಥ ಆಟಕ್ಕೂ ಒಂದು ಸರ್ಕಾರ ಹೆದರಿತು ಅಂದ್ರೆ ನಂಬ್ತೀರಾ? 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ನಾಸ್ತಿಕತೆ, ಸಮಾಜವಾದ ಬಿತ್ತುತ್ತವೆ ಎಂಬ ಆರೋಪ. ಫ್ರೋಬೆಲ್‌ನ ಅಣ್ಣನ ಮಗ ಕಾರ್ಲ್ ಬರೆದದ್ದನ್ನು ಇವನ ತಲೆಗೆ ಕಟ್ಟಿದ್ದರು. ಮರುವರ್ಷ ಜೂನ್‌ನಲ್ಲಿ ಫ್ರೋಬೆಲ್ ತೀರಿಕೊಂಡ. ನಿಷೇಧ ತೆಗೆದದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ತೋಟವನ್ನು ಇಂಗ್ಲೆಂಡಿಗೂ ಅಮೆರಿಕಕ್ಕೂ ಒಯ್ದಿದ್ದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಈ ಉಡುಗೊರೆಗಳನ್ನು ಕಂಡ ಒಬ್ಬ ತಾಯಿ ತನ್ನ ಮಗನಿಗೂ ತಂದುಕೊಟ್ಟಳು. ಆ ಹುಡುಗ ಮುಂದೆ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳನ್ನು ಆತ ಮುದುಕನಾದರೂ ಮರೆಯಲಿಲ್ಲ.

ಪ್ರಷ್ಯಾದಲ್ಲಿ ಆಟ ನಿಲ್ಲಿಸೋಕೆ ಮಂತ್ರಿಯ ಆದೇಶ ಬೇಕಾಯ್ತು. ನಮಗೆ ಅದೂ ಬೇಡ. ಹೆಸರು ಉಳಿಸಿಕೊಂಡು ತೋಟವನ್ನು ನಾವೇ ಕಿತ್ತು ಹಾಕಿದ್ದೇವೆ.

ಅವತ್ತು ನೂರು ಮುಗಿಯಲೇ ಇಲ್ಲ. ಡೈರಿಯಲ್ಲಿ ಅಕ್ಕ ಏನು ಬರೆದು ಕಳಿಸಿದಳೋ ಕೇಳಲಿಲ್ಲ. ಹಾವಿನ ತುಂಡು ಮಾತ್ರ ಹದಿನಾಲ್ಕಿತ್ತು, ಸರಿಯಾಗಿ ಎಣಿಸಿದ್ದಳು.

ನಿಮ್ಮನೆ ಪುಟಾಣಿಗಳು ಏನಾಡ್ತಾರೆ? ಹೇಳಿ.