ಮೇವಿನ ಲೆಕ್ಕದಲ್ಲಿ ದಾಟಿದ ಪರ್ವತ

ಹಿಮಾಲಯದ ಎತ್ತರದ ಚಾರಣಕ್ಕೆ ಸಿದ್ಧತೆ ಎಂದ ಕೂಡಲೇ ಮಾತು ಕಾಲಿನ ಕಸುವು, ಎದೆಯ ದಮ್ಮು, ಬೂಟು, ಜಾಕೆಟ್ಟುಗಳ ಕಡೆ ಹೊರಳುತ್ತದೆ. ದಾಟಬೇಕಾದ ಕಣಿವೆಮಾರ್ಗ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬ ಅಂಕಿಯ ಸುತ್ತಲೇ ಇಡೀ ಯೋಜನೆ ಗಿರಕಿ ಹೊಡೆಯುತ್ತದೆ. ಇಂಥ ದಾರಿಗಳನ್ನು ಹೊಟ್ಟೆಪಾಡಿಗಾಗಿ ತುಳಿದವರ ಚರಿತ್ರೆಯನ್ನು ನೋಡಿದರೆ ಲೆಕ್ಕ ಬೇರೆಯೇ ಇತ್ತೆಂದು ತಿಳಿಯುತ್ತದೆ. ಲಡಾಖಿನ ಲೇಹ್‌ನಿಂದ ಮಧ್ಯ ಏಷ್ಯಾದ ಯಾರ್ಕಂದಿಗೆ ಹೋಗುತ್ತಿದ್ದ ವ್ಯಾಪಾರದ ದಾರಿ ಸುಮಾರು 5,359 ಮೀಟರ್ ಎತ್ತರದ ಖರ್ದುಂಗ್ ಲಾ, ಅದಕ್ಕಿಂತ ತುಸು ಎತ್ತರದ ಸಾಸೆರ್ ಲಾ, 5,540 ಮೀಟರಿನ ಕಾರಕೋರಂ ಎಂಬ ಕಣಿವೆಮಾರ್ಗಗಳನ್ನೆಲ್ಲ ದಾಟುತ್ತಿತ್ತು. ಸರಕು ಹೇರಿದ ಕುದುರೆಗಳೊಂದಿಗೆ ಇಲ್ಲಿ ನಡೆದವರ ಯೋಜನೆ ಮೇವಿನಿಂದ ಶುರುವಾಗಿ, ಹೊರಡುವ ತಿಂಗಳಿಗೆ ಬಂದು, ಎಲ್ಲಿ ಎಷ್ಟು ದಿನ ತಂಗಬೇಕೆಂಬಲ್ಲಿಗೆ ಮುಗಿಯುತ್ತಿತ್ತು. ಪರ್ವತ ದಾಟುವ ಕೆಲಸದ ಬಹುಪಾಲು ಕೆಳಗೆ, ಪೇಟೆಯಲ್ಲೇ ಮುಗಿದಿರುತ್ತಿತ್ತು ಎಂಬುದೇ ಈ ದಾರಿ ಕೊಡುವ ಸಾಕ್ಷ್ಯ.

ಮೊದಲು ಮೇವನ್ನೇ ತೆಗೆದುಕೊಳ್ಳೋಣ. ನುಬ್ರಾ ಸೀಮೆಯ ಕೊನೆಯ ಹಳ್ಳಿ ಬಿಟ್ಟರೆ ಆಚೆ ಶಾಹಿದುಲ್ಲಾದ ಸುತ್ತಿನ ಕಿರ್ಗಿಜ್ ಹುಲ್ಲುಗಾವಲು ಸಿಗುವವರೆಗೆ ಊರಿಲ್ಲ. ನಡುವಿನ ದೆಪ್ಸಾಂಗ್ ಬಯಲಿನಲ್ಲಿ ಹುಲ್ಲೂ ಇಲ್ಲವೆನ್ನುವಷ್ಟು ವಿರಳ. ಹಾಗಾಗಿ ಕುದುರೆ ತನ್ನ ಕಾಳನ್ನು ತಾನೇ ಹೊರಬೇಕು, ಇಲ್ಲವೇ ಅದಕ್ಕಾಗಿ ಇನ್ನೊಂದು ಕುದುರೆ ಬೇಕು, ಆ ಇನ್ನೊಂದಕ್ಕೂ ಕಾಳು ಬೇಕು. ಹುಲ್ಲಿಲ್ಲದ ಪ್ರತಿ ದಿನವೂ ಸರಕಿನ ಜಾಗವನ್ನು ತಿನ್ನುತ್ತಿತ್ತು. ಈ ದಾರಿಯಲ್ಲಿ ರೇಷ್ಮೆ, ಚರಸ್, ಹವಳ, ಬಣ್ಣ, ಸಂಬಾರದಂಥ ತೂಕ ಕಡಿಮೆ, ಬೆಲೆ ಹೆಚ್ಚಿನ ಮಾಲು ಓಡಾಡಿದ್ದು ಇದೇ ಕಾರಣಕ್ಕೆ. ಪೂರ್ವದ ಚಾಂಗ್‌ತಾಂಗ್‌ನಲ್ಲಿ ಕುರಿಗಳ ಬೆನ್ನಿಗೆ ಸಣ್ಣ ಚೀಲ ಕಟ್ಟಿ ಉಪ್ಪಿನಂಥ ಅಗ್ಗದ ವಸ್ತುವನ್ನೂ ಸಾಗಿಸುತ್ತಿದ್ದರು, ಏಕೆಂದರೆ ಕುರಿ ದಾರಿಯುದ್ದಕ್ಕೂ ಮೇಯುತ್ತಾ ನಡೆಯಬಲ್ಲದು. ಎರಡೂ ಕಡೆ ಎತ್ತರ ಎತ್ತರವೇ. ಯಾವ ಸರಕು ಹೋಗಬೇಕು, ಯಾವ ಪ್ರಾಣಿ ಹೊರಬೇಕು ಎಂದು ತೀರ್ಮಾನಿಸಿದ್ದು ಮಾತ್ರ ಹುಲ್ಲು.

ಎರಡನೆಯದು ಕಾಲ. ಬೇಸಿಗೆಗೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ಇಲ್ಲಿ ಎರಡು ದಾರಿಗಳೇ ಇದ್ದವು. ಬೇಸಿಗೆಯಲ್ಲಿ ಹಿಮನದಿ ಕರಗಿ ಶ್ಯೋಕ್ ನದಿ ಉಕ್ಕುವುದರಿಂದ ಅದರ ಪಾತ್ರವನ್ನು ತಪ್ಪಿಸಿ ಸಾಸೆರ್ ಲಾ ಹತ್ತಬೇಕು. ಚಳಿಗಾಲದಲ್ಲಿ ಅದೇ ನದಿ ಹೆಪ್ಪುಗಟ್ಟಿ ದಾರಿಯಾಗುತ್ತದೆ. ದಕ್ಷಿಣದಿಂದ ಕುಲು, ರೋಹ್ತಾಂಗ್, ಬಾರಾಲಾಚಾ ಮೂಲಕ ಬರುತ್ತಿದ್ದ ಹೋಷಿಯಾರ್‌ಪುರದ ವ್ಯಾಪಾರಿಗಳಿಗೂ ಹಿಮ ಕರಗುವವರೆಗೆ ದಾರಿಯಿಲ್ಲ. ಆದ್ದರಿಂದಲೇ ಅನೇಕರು ಪೂರ್ತಿ ದಾರಿ ನಡೆಯದೆ ಲೇಹ್‌ನಲ್ಲೇ ಮಾಲು ಬದಲಾಯಿಸಿಕೊಂಡು ಹಿಂದಿರುಗುತ್ತಿದ್ದರು. ಸುಮಾರು 3,500 ಮೀಟರ್ ಎತ್ತರದ ಈ ಊರಿನಲ್ಲಿ ಬಳಲಿದ ಕುದುರೆಗಳಿಗೆ ಕುದುರೆಮೆಂತೆ ತಿನ್ನಿಸಿ ಮೈಗೂಡಿಸುವುದು, ಬಾಡಿಗೆ ಕುದುರೆಯವರನ್ನು ಗೊತ್ತುಮಾಡುವುದು, ಸಾಲದ ಲೆಕ್ಕ ತೀರಿಸುವುದು ಎಲ್ಲವೂ ನಡೆಯುತ್ತಿತ್ತು. ವ್ಯಾಪಾರಕ್ಕಾಗಿ ಮಾಡಿದ ಈ ತಂಗುವಿಕೆ ಮನುಷ್ಯರ ದೇಹವನ್ನೂ ತೆಳುಗಾಳಿಗೆ ಒಗ್ಗಿಸುತ್ತಿತ್ತು. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ, ನಡುನಡುವೆ ಬಿಡುವಿನ ದಿನ ಇಟ್ಟುಕೊಳ್ಳಿ ಎಂದು ಇಂದಿನ ವೈದ್ಯರು ಹೇಳುವುದರ ತಿರುಳೂ ಕಾಯುವುದೇ ಆಗಿದೆ.

ಎತ್ತರದ ಎದುರು ಅಧಿಕಾರವೂ ಸಲಕರಣೆಯೂ ರಕ್ಷಣೆಯಾಗಲಿಲ್ಲ. 1532ರಲ್ಲಿ ಲಡಾಖಿನ ಮೇಲೆ ದಂಡೆತ್ತಿ ಬಂದ ಯಾರ್ಕಂದಿನ ದೊರೆ ಸುಲ್ತಾನ್ ಸೈದ್ ಖಾನ್ ಮರುವರ್ಷ ಹಿಂದಿರುಗುವಾಗ ಕಾರಕೋರಂನ ಹತ್ತಿರವೇ ಉಸಿರುಗಟ್ಟುವ ಕಾಯಿಲೆಯಿಂದ ತೀರಿಕೊಂಡ. ಆ ಕಾಯಿಲೆ ಕುದುರೆಗಳನ್ನೂ ಬಿಡದು ಎಂದು ಅವನ ಬಂಧು ಮಿರ್ಜಾ ಹೈದರ್ ಬರೆದಿಟ್ಟಿದ್ದಾನೆ. ಯಾರ್ಕಂದಿಗೆ ಹೋದ ಬ್ರಿಟಿಷರ ಫೋರ್ಸಿತ್ ನಿಯೋಗಕ್ಕೆ ಸರ್ಕಾರದ ಬೆಂಬಲವೆಲ್ಲ ಇತ್ತು. ಅದರಲ್ಲಿದ್ದ ಭೂವಿಜ್ಞಾನಿ ಸ್ಟೋಲಿಚ್ಕಾ 1874ರ ಜೂನ್‌ನಲ್ಲಿ ವಾಪಸಾಗುತ್ತಾ ಇದೇ ದಾರಿಯ ಮುರ್ಗೋ ಎಂಬಲ್ಲಿ ಸತ್ತ. ಹಾಗೆಂದು ಆಳುವವರಿಗೆ ದಾರಿಯ ಗುಟ್ಟು ತಿಳಿದಿರಲಿಲ್ಲ ಎನ್ನುವಂತಿಲ್ಲ. 1870ರಲ್ಲಿ ವೈಸ್‌ರಾಯ್ ಮೇಯೋ ಮತ್ತು ಕಾಶ್ಮೀರದ ಮಹಾರಾಜ ರಣಬೀರ್ ಸಿಂಗ್ ಮಾಡಿಕೊಂಡ ಒಪ್ಪಂದ ಈ ದಾರಿಗೆ ಜಂಟಿ ಕಮಿಷನರುಗಳನ್ನು ನೇಮಿಸಿತು. ದಾರಿಯಲ್ಲಿ ದಾಸ್ತಾನು ಕೇಂದ್ರಗಳನ್ನು ತೆರೆಯುವುದು, ದವಸ, ಬಾಡಿಗೆ, ಕೂಲಿ, ಮೇವುಗಳ ದರ ಗೊತ್ತುಮಾಡುವುದು ಅವರ ಕೆಲಸವಾಗಿತ್ತು.

ಈ ವಾದಕ್ಕೆ ಆಕ್ಷೇಪಗಳಿವೆ. ದಾರಿಯುದ್ದಕ್ಕೂ ಬಿದ್ದಿದ್ದ ಪ್ರಾಣಿಗಳ ಎಲುಬುಗಳೇ ಪ್ರಯಾಣಿಕರಿಗೆ ದಾರಿ ತೋರಿಸುತ್ತಿದ್ದವಂತೆ. ಇದನ್ನು ಯೋಜನೆಯ ಜಾಣ್ಮೆ ಎನ್ನುವುದು ಹೇಗೆ? ಆಕ್ಷೇಪ ನ್ಯಾಯವಾದದ್ದೇ. ವ್ಯಾಪಾರಿಯ ಲೆಕ್ಕದಲ್ಲಿ ಕುದುರೆಯ ಸಾವು ಖರ್ಚಿನ ಒಂದು ಬಾಬತ್ತು, ಆ ಕ್ರೌರ್ಯವನ್ನು ಮೆಚ್ಚಬೇಕಿಲ್ಲ. ಆದರೆ ಹುಲ್ಲಿಲ್ಲದ ದಾರಿಯಲ್ಲಿ ಮೇವಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಆ ಎಲುಬುಗಳು ಹೇಳುತ್ತವೆ. ಬೆಟ್ಟದಲ್ಲೇ ಹುಟ್ಟಿದವರಿಗೆ ಎತ್ತರ ಸಹಜ, ಅವರ ಪದ್ಧತಿ ಬಯಲಿನವರಿಗೆ ಹೊಂದದು ಎಂಬ ವಾದವೂ ಉಂಟು. ಲಡಾಖಿಗಳ ಮೈ ಎತ್ತರಕ್ಕೆ ಪಳಗಿದ್ದು ನಿಜ. ಪಂಜಾಬಿನ ವರ್ತಕನಿಗೂ ಯಾರ್ಕಂದಿನ ಕುದುರೆಗೂ ಆ ಅನುಕೂಲ ಇರಲಿಲ್ಲ, ಅವರೂ ಇದೇ ಪದ್ಧತಿಯನ್ನೇ ನೆಚ್ಚಿದ್ದರು.

ಈ ವಾದಕ್ಕೆ ಕಡೆಯ ಪುರಾವೆ ದಾರಿ ನಿಂತುಹೋದ ಬಗೆಯಲ್ಲಿದೆ. 1949ರಲ್ಲಿ ಸಿಂಕಿಯಾಂಗ್ ಕಮ್ಯುನಿಸ್ಟ್ ಚೀನಾದ ಕೈಗೆ ಹೋದ ಮೇಲೆ ವ್ಯಾಪಾರ ಕಡಿದುಬಿತ್ತು. ಕಾರಕೋರಂ ಮೊದಲಿಗಿಂತ ಒಂದು ಮೀಟರೂ ಹೆಚ್ಚು ಎತ್ತರವಾಗಿರಲಿಲ್ಲ. ಇಲ್ಲವಾದದ್ದು ಎರಡು ತುದಿಯ ಪೇಟೆಗಳ ನಡುವಿನ ಸಾಲ, ಬಾಡಿಗೆ, ದಾಸ್ತಾನು, ನಂಬಿಕೆಗಳ ಏರ್ಪಾಡು. ಇಂದು ರಜೆಯ ದಿನಗಳನ್ನು ಎಣಿಸಿ ಬೆಂಗಳೂರಿನಿಂದ ಹಿಮಾಲಯಕ್ಕೆ ಹೊರಡುವ ಚಾರಣಿಗರ ಹತ್ತಿರ ನಕ್ಷೆಯೂ ಹವಾಮಾನದ ಮುನ್ಸೂಚನೆಯೂ ಇವೆ. ಆದರೆ ಕಾಯುವುದಕ್ಕೆಂದು ಒಂದು ದಿನವನ್ನೂ ಮೀಸಲಿಡದೆ ಬರೆದ ಪಟ್ಟಿಯನ್ನು ಆ ವ್ಯಾಪಾರಿಗಳು ಯೋಜನೆ ಎಂದು ಒಪ್ಪುತ್ತಿರಲಿಲ್ಲ.